ಸೀತಾಪತಯ್ಯನವರ ನೆನಪಿನ ಶಕ್ತಿ

ತ್ಯಾವಣಿಗೆಯ ಚಾವಡಿಯ ಮುಂದೆ ಜಮಾಬಂದಿಗೆಂದು ಊರೆಲ್ಲ ಸೇರಿತ್ತು. ಆ ಗುಂಪಿನ ನಡುವೆ ನಿಂತು, ಕೈಯಲ್ಲಿ ಒಂದು ತುಂಡು ಕಾಗದವೂ ಇಲ್ಲದೆ, ಅಮಲ್ದಾರ್ ಸೀತಾಪತಯ್ಯನವರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಮಾತನಾಡಿಸುತ್ತಿದ್ದರು.

"ಏನು ಹಾಲಪ್ಪ, ಬಿಳಿ ಎತ್ತಿನ ಕಾಲುಬಾವು ವಾಸಿಯಾಯ್ತಾ?"

"ನಿಂಗಮ್ಮ, ಮಗಳು ಬಾಣಂತನ ಮುಗಿಸಿಕೊಂಡು ಹೋದಳಾ? ಏನು ಮಗು?"

ಹಾಲಪ್ಪ ಬಾಯಿ ತೆರೆದುಕೊಂಡು ನಿಂತ. ಎತ್ತಿಗೆ ಕಾಲುಬಾವು ಬಂದಿದ್ದದ್ದು ಹೋದ ವರ್ಷ. ಕಂದಾಯದ ಲೆಕ್ಕ ನೋಡಲು ವರ್ಷಕ್ಕೊಂದು ಸಲ ಬರುವ ಅಮಲ್ದಾರರು ಚನ್ನಗಿರಿ ತಾಲ್ಲೂಕಿಗೆಲ್ಲ ದೊಡ್ಡವರು. ಅಂಥವರು ಒಬ್ಬ ರೈತನ ಎತ್ತಿನ ಬಣ್ಣವನ್ನೂ ಅದರ ಕಾಯಿಲೆಯನ್ನೂ ಒಂದು ವರ್ಷ ತಲೆಯಲ್ಲಿಟ್ಟುಕೊಂಡು ಬರುವುದೆಂದರೆ ನಮ್ಮ ಜನಕ್ಕೆ ಅದು ಪವಾಡವೇ. "ಆ ಸಾಹೇಬ್ರಿಗೆ ಏನೋ ಸಿದ್ಧಿ ಐತೆ ಕಣ್ರೀ" ಎಂದು ಹೆಂಗಸರು ಮಾತನಾಡಿಕೊಂಡರು. ಒಮ್ಮೆ ಯಾರೋ ಧೈರ್ಯ ಮಾಡಿ ಅದನ್ನು ಅವರನ್ನೇ ಕೇಳಿದಾಗ ಅವರು ನಕ್ಕು, "ಸಿದ್ಧಿಯೂ ಇಲ್ಲ, ಗಿದ್ಧಿಯೂ ಇಲ್ಲ. ಜನರ ಹೆಸರು ನೆನಪಿಟ್ಟುಕೊಂಡರೆ ಅರ್ಧ ಸರ್ಕಾರ ನಡೆದ ಹಾಗೆ. ಉಳಿದರ್ಧ ಗುಮಾಸ್ತರು ನಡೆಸ್ತಾರೆ" ಎಂದರಂತೆ.

ಬಸವಾಪಟ್ಟಣದಲ್ಲಿ ಅಣ್ಣತಮ್ಮಂದಿರಿಬ್ಬರು ಒಂದು ಅಡ್ಡಗೋಡೆಗಾಗಿ ಜಗಳವಾಡುತ್ತಿದ್ದರು. ಅವರ ಅರ್ಜಿ ವರ್ಷ ವರ್ಷವೂ ಜಮಾಬಂದಿಗೆ ಬರುತ್ತಿತ್ತು. ಎರಡನೆಯ ವರ್ಷ ತಮ್ಮ ಕೈಮುಗಿದು, "ಸ್ವಾಮಿ, ಈ ಗೋಡೆ ನಮ್ಮಜ್ಜನ ಕಾಲದ್ದು" ಎಂದು ಶುರುಮಾಡಿದ. ಸೀತಾಪತಯ್ಯನವರು ಅವನ ಮಾತನ್ನು ಅಲ್ಲಿಯೇ ತಡೆದರು. "ತಾಳಪ್ಪ. ಹೋದ ಸಲ ಅಪ್ಪನ ಕಾಲದ್ದು ಅಂದಿದ್ದೆ. ಈ ಸಲ ಅಜ್ಜನ ಕಾಲಕ್ಕೆ ಹೋಯ್ತು. ಇನ್ನೆರಡು ವರ್ಷ ಬಿಟ್ಟರೆ ಪಾಳೇಗಾರ ಕೆಂಗ ಹನುಮಂತ ನಾಯಕನೇ ಬಂದು ಕಟ್ಟಿಸಿದ ಅಂತೀಯ." ಜನ ಬಿದ್ದು ಬಿದ್ದು ನಕ್ಕರು. ಅಣ್ಣನೂ ನಕ್ಕ. ಕೊನೆಗೆ ತಮ್ಮನೂ ನಕ್ಕ. ಗೋಡೆ ಅಲ್ಲಿಯೇ ಉಳಿಯಿತು, ವ್ಯಾಜ್ಯ ಮಾತ್ರ ಬಿತ್ತು. ಒಬ್ಬ ಮನುಷ್ಯ ಆಡಿದ ಮಾತನ್ನು ಅವನೇ ಮರೆತರೂ ಸಾಹೇಬರು ಮರೆಯುವುದಿಲ್ಲ ಎಂಬ ಹೆದರಿಕೆ, ಅದರ ಜೊತೆಗೆ ಒಂದು ಧೈರ್ಯ, ಆ ಕಾಲದಲ್ಲಿ ತಾಲ್ಲೂಕಿನ ಎಲ್ಲ ಊರುಗಳಲ್ಲೂ ಇತ್ತು.

ನನ್ನ ಬದುಕಿಗೆ ಅವರು ಬಂದದ್ದು ಬೀದಿಯಿಂದ. ನನಗಾಗ ಇಪ್ಪತ್ತು ವರ್ಷ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಅಪ್ಪ ಮೊದಲೇ ಇರಲಿಲ್ಲ. ಅಣ್ಣನ ಮನೆಯಲ್ಲಿದ್ದೆ. ಅಣ್ಣನದು ದಿನಸಿ ಅಂಗಡಿ. ಸಾಮಾನು ಕಟ್ಟಲೆಂದು ಹಳೆಯ ವೃತ್ತಪತ್ರಿಕೆಗಳ ಕಟ್ಟು ದಾವಣಗೆರೆಯಿಂದ ಬರುತ್ತಿತ್ತು. ಅಂಗಡಿಗೆ ಹೋಗುವ ಮೊದಲು ಅವುಗಳನ್ನು ನಾನು ಓದುತ್ತಿದ್ದೆ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ನೆರೆಮನೆಯ ಹೆಂಗಸರು ನಮ್ಮ ಜಗಲಿಯ ಮೇಲೆ ಬತ್ತಿ ಹೊಸೆಯುತ್ತಲೋ ಅಕ್ಕಿ ಆರಿಸುತ್ತಲೋ ಕೂರುತ್ತಿದ್ದರು. ನಾನು ಗಟ್ಟಿಯಾಗಿ ಓದಿ, ಎಲ್ಲೋ ದೂರದ ದೇಶದ ಯುದ್ಧವನ್ನು ನಮ್ಮೂರಿನ ಜಗಳದ ಹಾಗೆ ಬಿಡಿಸಿ ಹೇಳುತ್ತಿದ್ದೆ. ಒಂದು ದಿನ ಹಾಗೆ ಓದುತ್ತಿರುವಾಗ ಹೆಂಗಸರೆಲ್ಲ ಒಮ್ಮೆಗೇ ಎದ್ದು ಸೆರಗು ಹೊದ್ದುಕೊಂಡರು. ತಿರುಗಿ ನೋಡಿದರೆ ಬೀದಿಯಲ್ಲಿ ಅಮಲ್ದಾರರು. ಹಿಂದೆ ಪಟೇಲರು, ಶಾನುಭೋಗರು, ದಫೇದಾರ.

"ನಿಲ್ಲಿಸಬೇಡಿ ತಾಯಿ, ಓದಿ. ಆ ಊರಿನವರು ಕೋಟೆ ಬಿಟ್ಟುಕೊಟ್ಟರಾ, ಇಲ್ಲವಾ?" ಎಂದರು ಸೀತಾಪತಯ್ಯನವರು.

ಪತ್ರಿಕೆಯನ್ನು ಮಡಚಲು ಹೋದೆ. ಆದರೂ ಉಳಿದ ನಾಲ್ಕು ಸಾಲು ಓದಿದೆ. ಅವರು ಜರಿಪೇಟ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ನಮ್ಮ ಜಗಲಿಯ ಅಂಚಿನಲ್ಲೇ ಕೂತು ಪೂರ್ತಿ ಕೇಳಿದರು. ಆಮೇಲೆ ನನ್ನ ಹೆಸರು ಕೇಳಿದರು. ಎಷ್ಟು ಓದಿದ್ದೀರಿ ಎಂದು ಕೇಳಿದರು. ಅಣ್ಣ ಅಂಗಡಿಯಿಂದ ಓಡಿಬಂದ. ಚನ್ನಗಿರಿಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಲು ಹೆಂಗಸರೇ ಸಿಗುತ್ತಿಲ್ಲ, ನಿಮ್ಮ ತಂಗಿಯನ್ನು ಪರೀಕ್ಷೆಗೆ ಕೂರಿಸೋಣ, ತರಬೇತಿಗೆ ಕಳಿಸೋಣ ಎಂದು ಅವರು ಹೇಳಿದಾಗ ಅಣ್ಣನ ಮುಖ ಗಂಟಿಕ್ಕಿತು.

"ನಮ್ಮನೆ ಹೆಣ್ಮಕ್ಳು ಸಂಬಳಕ್ಕೆ ದುಡಿಯಾಕೆ ಹೋಗಂಗಿಲ್ರಿ ಸಾಹೇಬ್ರೆ. ಜನ ಏನಂತಾರೆ? ತಂಗಿಗೆ ಅನ್ನ ಹಾಕಾಕೆ ಆಗದೇ ಕಳಿಸ್ದ ಅಂತಾರೆ."

"ಸಂಬಳಕ್ಕೆ ಕಳಿಸಬೇಡಿ ಶಿವಣ್ಣ. ಅಕ್ಷರಕ್ಕೆ ಕಳಿಸಿ. ಜನ ಏನಾದರೂ ಅಂದರೆ ನನ್ನ ಹೆಸರು ಹೇಳಿ."

ಅವರು ಮೂರು ಸಲ ನಮ್ಮ ಮನೆಗೆ ಬಂದರು. ಮೂರನೆಯ ಸಲ ಅಣ್ಣ ಹೂಂ ಅಂದ. ಅತ್ತಿಗೆ ಒಳಮನೆಯಲ್ಲಿ ನನ್ನ ಕೈಹಿಡಿದು, "ಹೋಗವ್ವ ಗಂಗೂ, ಇಂಥೋರು ಮತ್ತೆ ಹುಟ್ಟಂಗಿಲ್ಲ" ಎಂದಳು. ಆಕೆಯ ಮಾತು ಆ ದಿನಕ್ಕೆ ನಿಜವಾಗಿತ್ತು.

ಎರಡು ವರ್ಷದ ನಂತರ ನಾನು ಚನ್ನಗಿರಿಯ ಒಂದು ಪುಟ್ಟ ಶಾಲೆಯಲ್ಲಿ ಉಪಾಧ್ಯಾಯಿನಿಯಾದೆ. ಮಕ್ಕಳು "ಅಕ್ಕೋರೇ" ಎಂದು ಕರೆದಾಗ ಮೊದಮೊದಲು ನಾನೇ ತಿರುಗಿ ಯಾರನ್ನೋ ಹುಡುಕುತ್ತಿದ್ದೆ. ಸೀತಾಪತಯ್ಯನವರು ಕಚೇರಿಯಿಂದ ಮನೆಗೆ ಹೋಗುವ ದಾರಿಯಲ್ಲಿ ಒಮ್ಮೊಮ್ಮೆ ಹೇಳದೆ ಕೇಳದೆ ಬಂದು ಹಿಂದಿನ ಸಾಲಿನಲ್ಲಿ ಮಕ್ಕಳ ಮಣೆಯ ಮೇಲೆ ಕೂತುಬಿಡುತ್ತಿದ್ದರು. ಅವರ ಕೋಟಿನ ಜೇಬಿನಲ್ಲಿ ಯಾವಾಗಲೂ ಹುರಿದ ಶೇಂಗಾ ಇರುತ್ತಿತ್ತು. ಒಂದು ದಿನ ನಾನು ಮಗ್ಗಿ ಕೇಳುತ್ತಿದ್ದೆ. ಸರದಿ ಅವರಿಗೆ ಬಂದಾಗ ಏನು ಮಾಡುವುದೆಂದು ತಿಳಿಯದೆ ನಿಂತೆ. ಅವರು ತಾವೇ ಎದ್ದು, "ಹದಿಮೂರೇಳಲಿ ತೊಂಬತ್ತೆರಡು" ಎಂದರು. ಹುಡುಗಿಯರು ಹೋ ಎಂದು ನಕ್ಕರು. ಅಮಲ್ದಾರರು ಕಿವಿ ಹಿಡಿದುಕೊಂಡು ಒಂದು ನಿಮಿಷ ನಿಂತರು. ಮಾರನೆಯ ದಿನ ಶಾಲೆಗೆ ಆರು ಹೊಸ ಹುಡುಗಿಯರು ಬಂದರು. ಅಮಲ್ದಾರರಿಗೇ ಶಿಕ್ಷೆ ಕೊಡುವ ಅಕ್ಕೋರು ಹೇಗಿದ್ದಾರೆ ನೋಡೋಣ ಎಂದು ತಾಯಂದಿರೂ ಜೊತೆಗೆ ಬಂದಿದ್ದರು.

ಅಂಥ ಮನುಷ್ಯನನ್ನು ನಾನು ನಂಬಿದ್ದರಲ್ಲಿ ತಪ್ಪೇನಿತ್ತು? ಅಪ್ಪ ಇಲ್ಲದ ನನಗೆ ಅವರು ಅಪ್ಪನಂತೆಯೇ ಇದ್ದರು. ಆ ಮಾತನ್ನು ಬಾಯಿಬಿಟ್ಟು ಒಮ್ಮೆಯೂ ಹೇಳಿರಲಿಲ್ಲ, ಅಷ್ಟೆ.

ಕೆಲವು ವರ್ಷಗಳ ಮೇಲೆ ಅವರಿಗೆ ಬಡ್ತಿಯಾಯಿತು. ಅಸಿಸ್ಟೆಂಟ್ ಕಮಿಷನರಾಗಿ ಹಲವು ತಾಲ್ಲೂಕುಗಳ ಮೇಲ್ವಿಚಾರಣೆ ಅವರ ಕೈಗೆ ಬಂತು. ಕುದುರೆ ಹೋಗಿ ಮೋಟಾರು ಬಂತು. ಅದೇ ಸುಮಾರಿಗೆ ನನಗೆ ನ್ಯಾಮತಿಗೆ ವರ್ಗವಾಯಿತು. ನ್ಯಾಮತಿ ವ್ಯಾಪಾರದ ಊರು. ನನ್ನ ಶಾಲೆ ನಡೆಯುತ್ತಿದ್ದದ್ದು ಮಂಡಿ ವರ್ತಕ ರುದ್ರಪ್ಪ ಸಾಹುಕಾರರ ಛತ್ರದ ಎರಡು ಕೋಣೆಗಳಲ್ಲಿ. ಕಟ್ಟಡ ಅವರದು, ಶಾಲಾ ಕಮಿಟಿಗೂ ಅವರೇ ಅಧ್ಯಕ್ಷರು. ಕೆಟ್ಟ ಮನುಷ್ಯರಲ್ಲ. ನನಗೆ ಬಾಡಿಗೆಯಿಲ್ಲದೆ ಇರಲು ಒಂದು ಮನೆ ಕೊಟ್ಟಿದ್ದರು, ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದರು.

ಊರಾಚೆಯ ಕೇರಿಯಿಂದ ಮೂವರು ಹುಡುಗಿಯರು ಶಾಲೆಗೆ ಬರುತ್ತಿದ್ದರು. ಅವರು ಕೂರುತ್ತಿದ್ದದ್ದು ಹೊರಗೆ, ಕಿಟಕಿಯ ಪಕ್ಕ, ಸೂರಿನ ಕೆಳಗೆ. ನಾನು ಬರುವುದಕ್ಕೆ ಮುಂಚಿನಿಂದಲೂ ಹಾಗೇ ನಡೆದುಕೊಂಡು ಬಂದಿತ್ತು. ನಾನು ಕಿಟಕಿಯ ಹತ್ತಿರ ನಿಂತು ಒಳಗಿನವರಿಗೂ ಹೊರಗಿನವರಿಗೂ ಕೇಳುವ ಹಾಗೆ ಪಾಠ ಹೇಳುತ್ತಿದ್ದೆ. ಅದೇ ದೊಡ್ಡ ಉಪಕಾರವೆಂದು ತಿಳಿದುಕೊಂಡಿದ್ದೆ. ಆ ಮೂವರಲ್ಲಿ ದುರುಗಿ ಎಂಬುವಳು ಹತ್ತು ವರ್ಷದವಳು. ಒಳಗಿನ ಹುಡುಗಿಯರು ಉತ್ತರ ಹುಡುಕುತ್ತಿರುವಾಗ ಕಿಟಕಿಯ ಸರಳುಗಳ ನಡುವಿನಿಂದ ಅವಳ ಉತ್ತರ ಬಂದುಬಿಡುತ್ತಿತ್ತು.

ಒಂದು ದಿನ ಸೀತಾಪತಯ್ಯನವರು ಹೊನ್ನಾಳಿಯ ಕ್ಯಾಂಪಿನಿಂದ ನ್ಯಾಮತಿಗೆ ಬಂದವರು ಶಾಲೆಗೂ ಬಂದರು. ಸೂರಿನ ಕೆಳಗೆ ಕೂತ ಮೂವರನ್ನು ನೋಡಿದರು. ಅವರ ಹೆಸರು ಕೇಳಿ ತಿಳಿದುಕೊಂಡರು. ಒಳಗೆ ಬಂದವರು ಈ ಸಲ ಮಣೆಯ ಮೇಲೆ ಕೂರಲಿಲ್ಲ.

"ಇದು ಎಷ್ಟು ದಿನದಿಂದ ಗಂಗಮ್ಮ?"

"ಮೊದಲಿಂದಲೂ ಹಿಂಗೇ ಐತೆ ಸ್ವಾಮಿ. ಸಾಹುಕಾರ್ರು ಒಪ್ಪಲ್ಲ."

"ಸರ್ಕಾರದ ಹುಕುಂ ಏನಿದೆ ಗೊತ್ತಾ? ಶಾಲೆ ಎಲ್ಲರದು. ನಾಳೆ ಅವರನ್ನು ಒಳಗೆ ಕೂರಿಸಿ. ಯಾರು ಅಡ್ಡ ಬಂದರೋ ಅವರ ಹೆಸರು ಬರೆದು ನನಗೊಂದು ರಿಪೋರ್ಟು ಕಳಿಸಿ."

ನನಗೆ ಹೆದರಿಕೆಯಾಯಿತು. ಸಾಹುಕಾರರ ಛತ್ರದಲ್ಲಿ ಶಾಲೆ, ಅವರ ಮನೆಯಲ್ಲಿ ನನ್ನ ವಾಸ. ಅದನ್ನೇ ಹೇಳಿದೆ. ಸೀತಾಪತಯ್ಯನವರು ಬಾಗಿಲ ಹೊರಗೆ ಹೋಗಿದ್ದವರು ತಿರುಗಿ ಬಂದು, ತಗ್ಗಿದ ದನಿಯಲ್ಲಿ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು: "ನೀವು ಬರೆಯಿರಿ. ಆಮೇಲಿನದು ನನ್ನ ಜವಾಬ್ದಾರಿ. ನಾನು ನಿಮ್ಮ ಹಿಂದೆ ಇದ್ದೀನಿ."

ಅಂದು ಸಂಜೆಯೇ ನಾನು ಕೇರಿಗೆ ಹೋದೆ. ದುರುಗಿಯ ತಾಯಿ ಕೆಂಚಮ್ಮ ಒಪ್ಪಲಿಲ್ಲ. ಅವಳ ಗಂಡ ಸಾಹುಕಾರರ ಮಂಡಿಯಲ್ಲೇ ಹಮಾಲಿ ಮಾಡುತ್ತಿದ್ದ. "ಬ್ಯಾಡ್ರಿ ಅಕ್ಕೋರೆ. ಹೊರಗೆ ಕುಂತ್ರೂ ಅಕ್ಷರ ಕಿವಿಗೆ ಬೀಳ್ತಾವೆ. ನಮಗೆ ಅಷ್ಟೇ ಸಾಕು" ಎಂದಳು. ನಾನು ಬಿಡಲಿಲ್ಲ. ಸಾಹೇಬರು ಹೇಳಿದ್ದಾರೆ, ಸಾಹೇಬರು ಹಿಂದೆ ಇದ್ದಾರೆ ಎಂದು ಎಷ್ಟು ಸಲ ಹೇಳಿದೆನೋ. ನನ್ನ ಅಣ್ಣನನ್ನು ಒಪ್ಪಿಸಲು ಅವರು ಮೂರು ಸಲ ಬಂದಿದ್ದರು. ನಾನು ಕೆಂಚಮ್ಮನನ್ನು ಒಂದೇ ಸಂಜೆಯಲ್ಲಿ ಒಪ್ಪಿಸಿದೆ.

ಮಾರನೆಯ ಬೆಳಿಗ್ಗೆ ಮೂವರೂ ಒಳಗೆ ಬಂದರು. ದುರುಗಿ ಮೊದಲ ಸಾಲಿನಲ್ಲಿ ಕೂತಳು. ಎಲ್ಲಿ ಕೈಯಿಡಬೇಕು, ಯಾವುದನ್ನು ಮುಟ್ಟಬಾರದು ಎಂದು ತಿಳಿಯದೆ ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡಿದ್ದಳು. ಆ ದಿನ ಮಧ್ಯಾಹ್ನಕ್ಕೆ ಅರ್ಧ ಶಾಲೆ ಖಾಲಿ. ಮೂರನೆಯ ದಿನಕ್ಕೆ ಕೋಣೆಯಲ್ಲಿ ಉಳಿದವರು ಏಳು ಜನ. ಸಾಹುಕಾರರು ಬಂದು ಬಾಗಿಲಲ್ಲೇ ನಿಂತು, ದನಿ ಏರಿಸದೆ ಕೇಳಿದರು: "ಏನ್ರೀ ಅಕ್ಕೋರೆ, ನಿಮಗೆ ಏನು ಕಡಿಮೆ ಮಾಡಿದ್ವಿ ನಾವು? ಇದನ್ನ ನೀವಾಗೇ ಮಾಡಿದ್ರೋ, ಯಾರಾರ ಹೇಳಿ ಮಾಡಿಸಿದ್ರೋ?"

"ಸರ್ಕಾರದ ಹುಕುಂ ಐತೆ" ಎಂದೆ.

"ಸರ್ಕಾರ ಎಲ್ಲಾ ಊರಾಗೂ ಐತೆ. ಹುಕುಂ ನಮ್ಮೂರಾಗೆ ಮಾತ್ರ ಯಾಕೆ ಬಂತು?" ಎಂದು ಹೊರಟುಹೋದರು.

ಬಾವಿಯಲ್ಲಿ ನೀರು ಸೇದಲು ಹೆಂಗಸರು ನನಗೆ ಜಾಗ ಬಿಡಲಿಲ್ಲ. ಹಾಲಿನವನು ಬರುವುದನ್ನು ನಿಲ್ಲಿಸಿದ. ನಾನು ಹೆದರಲಿಲ್ಲ. ನಡೆದದ್ದನ್ನೆಲ್ಲ, ಸಾಹುಕಾರರ ಹೆಸರೂ ಸೇರಿದಂತೆ, ನಾಲ್ಕು ಪುಟ ಬರೆದು ಕಳಿಸಿದೆ. ಎಂಟು ದಿನದಲ್ಲಿ ಸಾಹೇಬರ ಮೋಟಾರು ಬರುತ್ತದೆ ಎಂದುಕೊಂಡೆ. ತಿಂಗಳಾದರೂ ಬರಲಿಲ್ಲ.

ಬಂದದ್ದು ಒಂದು ನೋಟೀಸು. ನನ್ನ ಮೇಲೆ ವಿಚಾರಣೆ. ಸಾಹುಕಾರರೂ ಒಂದು ಅರ್ಜಿ ಕೊಟ್ಟಿದ್ದರು. ಈ ಉಪಾಧ್ಯಾಯಿನಿ ತನ್ನಿಷ್ಟಕ್ಕೆ ಊರಿನಲ್ಲಿ ಕಲಹ ಎಬ್ಬಿಸಿದ್ದಾಳೆ ಎಂದು ಅದರಲ್ಲಿತ್ತು. ಕೊನೆಯ ಸಾಲಿನಲ್ಲಿ, ಒಬ್ಬ ದೊಡ್ಡ ಅಧಿಕಾರಿಗೂ ಈಕೆಗೂ ಇರುವ ಬಳಕೆಯೇ ಈಕೆಯ ಧೈರ್ಯಕ್ಕೆ ಕಾರಣವೆಂದು ಊರಿನ ಜನ ಆಡಿಕೊಳ್ಳುತ್ತಾರೆ ಎಂದೂ ಇತ್ತು. ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಓದುವಾಗ ನನ್ನ ಮೈ ಉರಿಯಿತು. ಆದರೂ ಒಳಗೊಂದು ಸಮಾಧಾನವಿತ್ತು. ವಿಚಾರಣೆಗೆ ಸೀತಾಪತಯ್ಯನವರೇ ಬಂದು ಕೂರುತ್ತಾರೆ, ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸುತ್ತಾರೆ ಎಂದುಕೊಂಡಿದ್ದೆ.

ಅದು ಯುದ್ಧದ ಕಾಲ. ಬಸ್ಸುಗಳೆಲ್ಲ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದಾಗ ಇಳಿದು ನಡೆದು, ಮತ್ತೆ ಹತ್ತಿ, ಮಸಿ ಹಿಡಿದ ಸೀರೆಯಲ್ಲಿ ಹೊನ್ನಾಳಿ ತಲುಪಿದೆ. ಹೊಳೆಯ ಹತ್ತಿರದ ಬಂಗಲೆಯಲ್ಲಿ ವಿಚಾರಣೆ. ಮೇಜಿನ ಹಿಂದೆ ಶಾಲಾ ಇನ್ಸ್‌ಪೆಕ್ಟರು. ಅವರ ಪಕ್ಕದಲ್ಲಿ ಸೀತಾಪತಯ್ಯನವರು, ಪೇಟ ತೆಗೆದಿರಲಿಲ್ಲ. ಈಚೆಗೆ ರುದ್ರಪ್ಪ ಸಾಹುಕಾರರು.

ಇನ್ಸ್‌ಪೆಕ್ಟರು ಕೇಳಿದರು: "ಹುಡುಗಿಯರನ್ನು ಒಳಗೆ ಕೂರಿಸಿ ಅಂತ ನಿಮಗೆ ಯಾರು ಹೇಳಿದರು?"

"ಸಾಹೇಬರು ಹೇಳಿದರು. ರಿಪೋರ್ಟು ಬರೆಯಲಿಕ್ಕೂ ಅವರೇ ಹೇಳಿದರು."

"ಲಿಖಿತವಾಗಿ ಹೇಳಿದರಾ?"

"ಇಲ್ಲ ಸ್ವಾಮಿ. ಬಾಯಿಮಾತಿನಲ್ಲಿ. ಶಾಲೆಯ ಬಾಗಿಲಲ್ಲಿ ನಿಂತು ಹೇಳಿದರು."

ಇನ್ಸ್‌ಪೆಕ್ಟರು ಪಕ್ಕಕ್ಕೆ ತಿರುಗಿದರು. ಸೀತಾಪತಯ್ಯನವರು ತಮ್ಮ ಮುಂದಿದ್ದ ಫೈಲಿನ ಕಟ್ಟನ್ನು ಬಿಚ್ಚಿದರು, ಮತ್ತೆ ಕಟ್ಟಿದರು. ನನ್ನ ಕಡೆ ನೋಡಲಿಲ್ಲ.

"ಶಾಲೆಗೆ ಹೋಗಿದ್ದು ನಿಜ" ಎಂದರು. "ಹಾಗೆ ಹೇಳಿದ್ದು ನನಗೆ ನೆನಪಿಲ್ಲ."

ಹಾಲಪ್ಪನ ಎತ್ತಿನ ಕಾಲುಬಾವನ್ನು ನೆನಪಿಟ್ಟುಕೊಂಡಿದ್ದವರು! ಬಸವಾಪಟ್ಟಣದ ಗೋಡೆ ಯಾರ ಅಪ್ಪನದು, ಯಾರ ಅಜ್ಜನದು ಎಂದು ನೆನಪಿಟ್ಟುಕೊಂಡಿದ್ದವರು! ನನಗೆ ಅಳು ಬರಲಿಲ್ಲ. ಸುಳ್ಳು ಹೇಳಿದವಳು ನಾನೇ ಏನೋ ಎಂಬಂತೆ ನಾಚಿಕೆಯಾಯಿತು. ಮೇಜಿನ ಆಚೆ ಕೂತವರ ಬೂಟುಗಳು ಕಾಣುತ್ತಿದ್ದವು. ಅವನ್ನೇ ನೋಡುತ್ತಾ ನಿಂತಿದ್ದೆ. ಇನ್ಸ್‌ಪೆಕ್ಟರು ಇನ್ನೇನೇನೋ ಕೇಳಿದರು, ನಾನು ಏನು ಉತ್ತರ ಕೊಟ್ಟೆನೋ ತಿಳಿಯದು. ಹೊರಗೆ ಬಂದಾಗ ಸಾಹುಕಾರರು ಮಾತ್ರ ನನ್ನ ಹತ್ತಿರ ನಿಂತು, "ನಾನು ನಿಮ್ಮ ಮೇಲೆ ಸಿಟ್ಟು ಮಾಡಿದ್ದೆ. ಈಗ ಇಲ್ಲ. ಪಾಪ, ನಿಮ್ಮನ್ನ ಬಾವಿಗೆ ಇಳಿಸಿ ಹಗ್ಗ ಕೊಯ್ದಾರೆ" ಎಂದರು. ಎದುರಾಳಿ ಕನಿಕರ ತೋರಿಸಿದ್ದು ಉಳಿದದ್ದಕ್ಕಿಂತ ಹೆಚ್ಚು ನೋಯಿಸಿತು.

ಕಾರಣ ಆಮೇಲೆ ತಿಳಿಯಿತು. ನ್ಯಾಮತಿಗೆ ಒಂದು ಹೆರಿಗೆ ಆಸ್ಪತ್ರೆ ಬೇಕೆಂದು ಸೀತಾಪತಯ್ಯನವರು ಬಹಳ ದಿನದಿಂದ ಓಡಾಡುತ್ತಿದ್ದರು. ಜಾಗವನ್ನೂ ಕಟ್ಟಡವನ್ನೂ ತಾವು ಕೊಡುವುದಾಗಿ ರುದ್ರಪ್ಪ ಸಾಹುಕಾರರು ಆ ತಿಂಗಳೇ ಒಪ್ಪಿಕೊಂಡಿದ್ದರು, ತಾಯಿಯ ಹೆಸರಿಡಬೇಕೆಂಬ ಷರತ್ತಿನ ಮೇಲೆ. ಇನ್ನೊಂದು ಷರತ್ತು ಬಾಯಿಮಾತಿನದು, ಕೇರಿಯ ಹುಡುಗಿಯರು ಛತ್ರದ ಒಳಗೆ ಬರಕೂಡದು ಎಂಬುದು. ಅಡಿಗಲ್ಲು ಹಾಕಲು ಬೆಂಗಳೂರಿನಿಂದ ದೊಡ್ಡವರು ಬಂದರು. ಮರುವರ್ಷ ಸೀತಾಪತಯ್ಯನವರು ಡೆಪ್ಯೂಟಿ ಕಮಿಷನರಾದರು.

ನನಗೆ ಜಗಳೂರು ತಾಲ್ಲೂಕಿನ ಸೊಕ್ಕೆಗೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಕೇರಿಗೆ ಹೋದೆ. ಹೋಗದೆ ಓಡಿಹೋಗಬಹುದಿತ್ತು, ಕಾಲು ಒಪ್ಪಲಿಲ್ಲ. ಮಂಡಿಯಲ್ಲಿ ಕೆಂಚಮ್ಮನ ಗಂಡನ ಕೆಲಸ ಹೋಗಿತ್ತು. ಹುಡುಗಿಯರನ್ನು ಛತ್ರದ ಅಂಗಳಕ್ಕೇ ಬಿಡುತ್ತಿರಲಿಲ್ಲ. ದುರುಗಿ ಗುಡಿಸಲಿನ ಒಳಗಿದ್ದವಳು ಹೊರಗೆ ಬರಲಿಲ್ಲ. ಕೆಂಚಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಸೂರಿನ ಕೆಳಗೆ ಕುಂತಿದ್ವಲ್ರಿ ಅಕ್ಕೋರೆ. ಅದಾರ ಇತ್ತು. ಒಳಗೆ ಬರ್ರಿ ಅಂದೋರು ನೀವು. ಈಗ ಸೂರೂ ಹೋತು."

ನಾನು ಸಾಹೇಬರ ಹೆಸರು ಹೇಳಬೇಕೆಂದು ಬಾಯಿ ತೆರೆದೆ. ಹೇಳಲಾಗಲಿಲ್ಲ. ಅವಳ ಮನೆಯ ಬಾಗಿಲಿಗೆ ಬಂದು ಮಾತು ಕೊಟ್ಟವರು ಸಾಹೇಬರಲ್ಲ, ನಾನು. ಸೀತಾಪತಯ್ಯನವರು ನನಗೆ ಏನಾಗಿದ್ದರೋ ನಾನು ಕೆಂಚಮ್ಮನಿಗೆ ಅದೇ ಆಗಿದ್ದೆ.

ಸೊಕ್ಕೆಯಲ್ಲಿ ಕೆಲವು ವರ್ಷ ಕಳೆದೆ. ಒಣಭೂಮಿಯ ಊರು, ಜೋಳದ ರೊಟ್ಟಿ, ಒಳ್ಳೆಯ ಜನ. ಆಮೇಲೆ ಜಗಳೂರಿಗೆ ಬಂದೆ, ಅಲ್ಲಿ ಶಾಲೆಗೆ ಮುಖ್ಯೋಪಾಧ್ಯಾಯಿನಿಯೂ ಆದೆ. ಯುದ್ಧ ಮುಗಿದಿತ್ತು. ಆಗ ನಮ್ಮ ಜಿಲ್ಲೆಗೆ ಡೆಪ್ಯೂಟಿ ಕಮಿಷನರಾಗಿದ್ದವರು ಸೀತಾಪತಯ್ಯನವರೇ. ಆ ಅವಧಿಯಲ್ಲಿ ಅವರು ಒಮ್ಮೆಯೂ ನನ್ನ ಶಾಲೆಗೆ ಬರಲಿಲ್ಲ, ನಾನೂ ಅವರನ್ನು ಕಾಣಲು ಹೋಗಲಿಲ್ಲ. ಅವರ ನಿವೃತ್ತಿ ಹತ್ತಿರ ಬಂದಾಗ ಜಗಳೂರಿನವರು ಒಂದು ಬೀಳ್ಕೊಡುಗೆ ಏರ್ಪಾಡು ಮಾಡಿದರು. ತಾಲ್ಲೂಕು ಕಚೇರಿಯ ಶಿರಸ್ತೇದಾರ್ ಗುರುಸಿದ್ದಪ್ಪನವರು ನನ್ನ ಹತ್ತಿರ ಬಂದು, "ಬಿನ್ನವತ್ತಳೆ ನೀವೇ ಬರೀಬೇಕ್ರಿ. ನಮ್ಮ ಕಚೇರಿ ಕನ್ನಡ ಕಂದಾಯ ಕೇಳಾಕೆ ಆಗ್ತೈತೆ, ಹೊಗಳಾಕೆ ಆಗಂಗಿಲ್ಲ" ಎಂದರು.

ಒಲ್ಲೆ ಎನ್ನಬಹುದಿತ್ತು. ಆದರೆ ಕಾಗದ ಹಿಡಿದು ಕೂತಾಗ ಬರೆಯುವುದು ಕಷ್ಟವಾಗಲಿಲ್ಲ. ಅವರು ತೆಗೆಸಿದ ಬಾವಿಗಳು, ಹಾಕಿಸಿದ ರಸ್ತೆ, ರೈತರ ಜೊತೆ ನೆಲದ ಮೇಲೆ ಕೂತು ವ್ಯಾಜ್ಯ ತೀರಿಸಿದ ರೀತಿ, ಹೆಣ್ಣುಮಕ್ಕಳನ್ನು ಓದಿಸಿದ್ದು, ಹೆರಿಗೆ ಆಸ್ಪತ್ರೆ. ಒಂದೂ ಸುಳ್ಳಲ್ಲ. ಬರೆಯುತ್ತಾ ಬರೆಯುತ್ತಾ ನನಗೇ ಅವರ ಮೇಲಿನ ಹಳೆಯ ಪ್ರೀತಿ ಉಕ್ಕಿಬಂದು ಸಿಟ್ಟು ಬಂತು.

ಗುರುಸಿದ್ದಪ್ಪನವರು ಎರಡು ಸಲ ಓದಿದರು. "ಭಾಳ ಚೆನ್ನಾಗೈತ್ರಿ. ಆದ್ರೆ ಎಲ್ಲಾ ಬಿನ್ನವತ್ತಳೇಲೂ ಒಂದು ಮಾತು ಇರ್ತೈತಲ್ಲ, ‘ನುಡಿದಂತೆ ನಡೆದ ಮಹನೀಯರು’ ಅಂತ. ಅದನ್ನ ಬಿಟ್ಟೀರಲ್ಲ?"

"ಜಾಗ ಸಾಲಲಿಲ್ಲ."

"ಇಲ್ಲಿ ನಾಲ್ಕು ಬೆರಳು ಜಾಗ ಐತಲ್ರೀ."

"ಬೇಕಾದರೆ ನೀವು ಬರೆದುಕೊಳ್ಳಿ ಶಿರಸ್ತೇದಾರರೆ. ನನ್ನ ಕೈಯಲ್ಲಿ ಆಗಂಗಿಲ್ಲ."

ಅವರು ನನ್ನ ಮುಖ ನೋಡಿದರು. ಕಾಗದವನ್ನು ಸುರುಳಿ ಸುತ್ತಿಕೊಂಡು ಹೋದರು. ಆ ಸಾಲನ್ನು ಅವರೂ ಸೇರಿಸಲಿಲ್ಲ.

ಸಮಾರಂಭ ನಡೆದದ್ದು ನಮ್ಮ ಶಾಲೆಯ ಅಂಗಳದಲ್ಲಿ. ಸೀತಾಪತಯ್ಯನವರ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಹಾರಗಳು ಗದ್ದದವರೆಗೆ ಬಂದಿದ್ದವು. ಗುರುಸಿದ್ದಪ್ಪನವರು ಓದುತ್ತಿದ್ದಾಗ ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಕೊನೆಗೆ ಅದನ್ನು ಕೈಗೆ ತೆಗೆದುಕೊಂಡು ತಾವೇ ಮತ್ತೊಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದರು. ಜನ ಚದುರಿ, ಹೊತ್ತು ಮುಳುಗುವ ಸಮಯಕ್ಕೆ ಅವರು ದಫೇದಾರನನ್ನು ದೂರ ನಿಲ್ಲಿಸಿ, ನಾನು ಬೆಂಚುಗಳನ್ನು ಒಳಗೆ ಇಡಿಸುತ್ತಿದ್ದಲ್ಲಿಗೆ ಬಂದರು.

"ಚೆನ್ನಾಗಿದ್ದೀರಾ ಗಂಗಮ್ಮ?"

"ಇದ್ದೀನಿ ಸ್ವಾಮಿ."

"ಒಂದು ಮಾತು ಬಿಟ್ಟಿದ್ದೀರಿ."

"ಹೌದು ಸ್ವಾಮಿ."

ಅವರು ಒಂದು ಬೆಂಚಿನ ಮೇಲೆ ಕೈಯೂರಿದರು. "ಆ ಅರ್ಜಿಯಲ್ಲಿ ನನ್ನನ್ನೂ ನಿಮ್ಮನ್ನೂ ಸೇರಿಸಿ ಬರೆದಿದ್ದರು. ನಾನೇ ಹೇಳಿ ಮಾಡಿಸಿದ್ದು ಅಂದಿದ್ದರೆ ನಿಮ್ಮ ಮಾನ ಬೀದಿಗೆ ಬರ್ತಿತ್ತು. ನಿಮ್ಮನ್ನು ಉಳಿಸಲಿಕ್ಕೆ ಬೇರೆ ದಾರಿ ಕಾಣಲಿಲ್ಲ. ಆ ಆಸ್ಪತ್ರೆಯಿಂದ ಎಷ್ಟು ತಾಯಂದಿರು ಬದುಕಿದ್ದಾರೆ, ಅದೂ ನಿಮಗೆ ಗೊತ್ತು."

"ಗೊತ್ತು. ನಮ್ಮಣ್ಣನ ಮಗಳೂ ಅಲ್ಲೇ ಹೆತ್ತಳು." ಅಷ್ಟು ಹೇಳುವಾಗ ನನ್ನ ಬಾಯಿಂದ ತ್ಯಾವಣಿಗೆಯ ಮಾತೇ ಹೊರಬಂತು. "ಆದ್ರೆ ನನ್ನ ಮಾನ ಕಾಯ್ರಿ ಅಂತ ನಿಮ್ಮನ್ನ ಕೇಳಿರಲಿಲ್ರಿ ಸ್ವಾಮಿ. ಅದನ್ನ ನಾನು ಹೆಂಗೋ ಕಾಯ್ಕಂತಿದ್ದೆ. ನೀವು ಹೇಳಿದ್ದನ್ನ ಹೇಳೀನಿ ಅನ್ರಿ ಅಂತ ಅಷ್ಟೇ ಕಾದಿದ್ದೆ. ನಿಮ್ಮ ಮಾತು ಹಿಡ್ಕೊಂಡು ನಾನು ಇನ್ನೊಬ್ರ ಮನೆ ಬಾಗಿಲಿಗೆ ಹೋಗಿದ್ದೆ."

ಅವರು ಬಿನ್ನವತ್ತಳೆಯ ಸುರುಳಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. "ಇದನ್ನು ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕ್ತಾರೆ. ಮೊಮ್ಮಕ್ಕಳು ಓದ್ತಾರೆ. ಆ ಒಂದು ಮಾತು ಸೇರಿಸಿ ಬರೆದುಕೊಡ್ತೀರಾ?"

ಇಷ್ಟು ದೊಡ್ಡ ಮನುಷ್ಯ ಇಷ್ಟು ಚಿಕ್ಕದನ್ನು ಕೇಳಿದ್ದು ನೋಡಿ ಮನಸ್ಸು ಕರಗಿತು. ಬರೆದುಕೊಟ್ಟುಬಿಡೋಣ ಎನ್ನಿಸಿತು. ಆದರೆ ನಾನು ಹೇಳಿದ್ದು ಬೇರೆ.

"ಬರೆದುಕೊಡ್ತೀನಿ. ಹುಡುಗಿಯರನ್ನ ಒಳಗೆ ಕೂರಿಸಿ ಅಂತ ಹೇಳಿದ್ದು ನಾನೇ ಅಂತ ನೀವೊಂದು ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಡ್ರಿ."

"ಈಗ ಅದನ್ನು ಯಾರಿಗೆ ಕೊಡ್ತೀರಿ? ಆ ಫೈಲು ಮುಚ್ಚಿ ಎಷ್ಟೋ ಕಾಲವಾಯ್ತು."

"ಕಚೇರಿಗಲ್ಲ. ನ್ಯಾಮತಿಗೆ ಹೋಗಿ ಕೆಂಚಮ್ಮನಿಗೆ ಓದಿ ಹೇಳ್ತೀನಿ. ನಾನು ಸುಳ್ಳು ಹೇಳಿ ಕರೆದಿರಲಿಲ್ಲ ಅಂತ ಅವಳಿಗೆ ಗೊತ್ತಾದ್ರೆ ಸಾಕು."

ಅವರು ತಲೆಯಾಡಿಸಿದರು. "ನಾಳೆ ಬೆಳಿಗ್ಗೆ ಕಳಿಸ್ತೀನಿ" ಎಂದರು. ನನ್ನ ತಲೆಯ ಮೇಲೆ ಕೈಯಿಡಲು ಬಂದವರು, ಏನೆನ್ನಿಸಿತೋ, ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಬಂಗಲೆಯ ಕಡೆ ನಡೆದು ಹೋದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಮರುದಿನ ನಾನು ಬೇಗನೆ ಶಾಲೆಗೆ ಬಂದು ಮಸಿಯ ದೌತಿ, ಲೇಖನಿ, ಒಂದು ದಪ್ಪ ಹಾಳೆ ಎಲ್ಲವನ್ನೂ ಮೇಜಿನ ಮೇಲೆ ಸಿದ್ಧಮಾಡಿಟ್ಟುಕೊಂಡಿದ್ದೆ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ದಫೇದಾರ ಬಂದ. ತಲೆಯ ಮೇಲೆ ಒಂದು ದೊಡ್ಡ ಬುಟ್ಟಿ. ಇಳಿಸಿದಾಗ ನೋಡಿದರೆ ಹಿಂದಿನ ದಿನ ಸನ್ಮಾನಕ್ಕೆ ಬಂದಿದ್ದ ಕಿತ್ತಳೆ ಹಣ್ಣುಗಳು.

"ಮಕ್ಳಿಗೆ ಹಂಚಾಕೆ ಹೇಳ್ಯಾರ್ರಿ ಸಾಹೇಬ್ರು."

"ಕಾಗದ ಏನಾದರೂ ಕೊಟ್ಟರಾ?"

"ಇಲ್ರಿ ಅಕ್ಕೋರೆ. ಹಣ್ಣು ಮಾತ್ರ."

"ಸರಿಯಾಗಿ ನೆನಪು ಮಾಡಿಕೊಳ್ಳಿ. ಒಂದು ಚೀಟಿ?"

ಅವನು ಅಂಗಿಯ ಜೇಬನ್ನೂ ಪೇಟದ ಮಡಿಕೆಯನ್ನೂ ನನ್ನೆದುರೇ ತಡವಿ ತೋರಿಸಿದ. "ಮೋಟಾರು ಆಗ್ಲೇ ಹೋತ್ರಿ. ಬೆಳಕು ಹರಿಯೋ ಹೊತ್ತಿಗೇ ಹೊರಟ್ರು."

ನಾನು ಬುಟ್ಟಿಯನ್ನು ಹಿಂದಕ್ಕೆ ಕಳಿಸಬಹುದಿತ್ತು. ಆದರೆ ಮಕ್ಕಳು ಆಗಲೇ ನೋಡಿಬಿಟ್ಟಿದ್ದರು. ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಒಂದೊಂದು ಕೊಟ್ಟೆ. ಅಂಗಳದ ತುಂಬ ಸಿಪ್ಪೆಯ ಘಮ ಹಬ್ಬಿತು. ಮೊದಲ ತರಗತಿಯ ಒಬ್ಬಳು ಬಾಯಿ ತುಂಬ ತೊಳೆ ಇಟ್ಟುಕೊಂಡೇ ಕೇಳಿದಳು: "ಯಾರು ಕೊಟ್ರು ಅಕ್ಕೋರೆ?"

ಅವಳ ಗಲ್ಲದ ಮೇಲೆ ಹರಿಯುತ್ತಿದ್ದ ರಸವನ್ನು ನನ್ನ ಸೆರಗಿನಿಂದ ಒರೆಸಿದೆ.

"ನನ್ನನ್ನ ಓದಿಸಿದೋರು ಕಣವ್ವ" ಎಂದೆ.